ಅಪ್‌ಡೇಟ್: ಹಳೇ ಡೆಸ್ಕ್‌ಟಾಪ್ ಮತ್ತೆ ಆನ್ ಆಯಿತು

ಪವರ್ ಬಟನ್ ಒತ್ತಿದರೆ ಫ್ಯಾನ್ ಒಂದು ಕ್ಷಣ ತಿರುಗಿ ನಿಂತುಬಿಡುತ್ತದೆ ಎಂದು ಮೊದಲು ಇಲ್ಲಿ ಕೇಳಿದ್ದೆನಲ್ಲ, ಅದು ಸರಿಹೋಯಿತು. ನೀವು ಹೇಳಿದಂತೆ ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿದೆ, ಬೇರೆ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ) ಹಾಕಿಯೂ ನೋಡಿದೆ. ಪ್ರಯೋಜನ ಆಗಲಿಲ್ಲ.

ಆಮೇಲೆ ಟಾರ್ಚ್ ಹಿಡಿದು ಮದರ್‌ಬೋರ್ಡ್ ನೋಡಿದರೆ, ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ (ಕರೆಂಟನ್ನು ಹಿಡಿದಿಟ್ಟು ಏರಿಳಿತ ತಗ್ಗಿಸುವ ಪುಟ್ಟ ಡಬ್ಬಿಗಳು) ತಲೆ ಉಬ್ಬಿತ್ತು! ಚಪ್ಪಟೆಯಾಗಿರಬೇಕಾದ ಜಾಗ ಅದು. ಒಂದರ ಮೇಲಂತೂ ಕಂದು ಬಣ್ಣದ ಅಂಟು ಸೋರಿ ಒಣಗಿತ್ತು. ರಿಪೇರಿಯವರು ಅದೇ ಅಳತೆಯವು, 6.3 ವೋಲ್ಟ್, 1500 ಮೈಕ್ರೋಫ್ಯಾರಡ್, 105 ಡಿಗ್ರಿ ತಾಳುವ ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಕೆಪಾಸಿಟರ್ ಹಾಕಿಕೊಟ್ಟರು. ಸುಮ್ನೆ ಸಿಕ್ಕಿದ್ದು ಹಾಕಿದರೆ ಇಲ್ಲಿ ಜಾಸ್ತಿ ಬಾಳಿಕೆ ಬರುವುದಿಲ್ಲವಂತೆ.

ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವ ಸಿಆರ್2032 ಬಟನ್ ಸೆಲ್ಲನ್ನೂ ಬದಲಿಸಿದೆ, ಗಡಿಯಾರ ಈಗ ಸರಿಯಾಗಿದೆ. ಅಪ್ಪನ ಫೋಟೋಗಳೆಲ್ಲ ಹೊರಗಿನ ಡ್ರೈವ್‌ಗೆ ಕಾಪಿ ಆಗುತ್ತಿವೆ. ಕೆಪಾಸಿಟರ್ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.