ಹಳೇ ಕಾರ್ಖಾನೆಯೊಳಗಿನ ಆರ್ಟ್ ಮ್ಯೂಸಿಯಂ: ಹೋಗಿ ಬಂದವರು ಹೇಳಿ

ಕುವೆಂಪುನಗರದಿಂದ ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ನ್ಯೂಯಾರ್ಕ್ ರಾಜ್ಯದ ಬೀಕನ್ ಅನ್ನುವ ಊರಿನಲ್ಲಿ ಹಳೇ ಕಾರ್ಖಾನೆಯೊಂದನ್ನು ಮ್ಯೂಸಿಯಂ ಮಾಡಿದ್ದಾರಂತೆ, ಡಿಯಾ ಅಂತ. ಅಲ್ಲಿಗೆ ಹೋಗೋಣ ಅನ್ನುತ್ತಾಳೆ. ನಮ್ಮ ಯಜಮಾನರು ಬಟ್ಟೆ ಮಿಲ್‌ನಲ್ಲಿ ದುಡಿದವರು. ನಾವು ನೋಡಿರುವ ಆರ್ಟ್ ಅಂದರೆ ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳು, ಅಷ್ಟೇ. ಒಂದು ದಿನ ದಂಡವಾಗುತ್ತಾ?

ಸರಸ್ವತಿಪುರಂನಿಂದ: ಖಂಡಿತ ಹೋಗಿ ಅಕ್ಕ, ಅದರಲ್ಲೂ ಮಿಲ್‌ನವರು ಜೊತೆಗಿದ್ದರೆ. ನಮ್ಮ ಮಾವನವರು ಫಿಟ್ಟರ್ ಆಗಿದ್ದವರು. ಒಳಗೆ ಕಾಲಿಟ್ಟವರೇ ಚಿತ್ರ ಬಿಟ್ಟು ಸೂರು ನೋಡಲು ಶುರು ಮಾಡಿದರು. 1929ರಲ್ಲಿ ಕಟ್ಟಿದ ಕಟ್ಟಡ ಅದು. ನಬಿಸ್ಕೊ ಬಿಸ್ಕತ್ ಕಂಪನಿಯ ಡಬ್ಬಗಳನ್ನು ಪ್ರಿಂಟ್ ಮಾಡುತ್ತಿದ್ದ ಜಾಗ. ಮ್ಯೂಸಿಯಂ ಆಗಿದ್ದು 2003ರಲ್ಲಿ. ಮಾಡಿನ ತುಂಬ ಉತ್ತರಕ್ಕೆ ಮುಖ ಮಾಡಿದ ಗಾಜು, ಸುಮಾರು 34,000 ಚದರ ಅಡಿ! "ಬಿಸಿಲು ನೇರ ಬೀಳಲ್ಲ. ಬಣ್ಣ ಸರಿಯಾಗಿ ಕಾಣಬೇಕಲ್ವಾ, ಅದಕ್ಕೇ" ಅಂತ ಮಾವನವರೇ ನಮಗೆ ವಿವರಿಸಿದರು. ಪ್ರಿಂಟಿಂಗ್‌ಗೆ ಒದಗಿದ ಬೆಳಕೇ ಈಗ ಚಿತ್ರಗಳಿಗೂ ಒದಗಿದೆ.

ಶಿಲ್ಪಿ ರಿಚರ್ಡ್ ಸೆರಾ ಅವರ ಉಕ್ಕಿನ ಕೆಲಸಗಳನ್ನು ಮಾತ್ರ ಬಿಡಬೇಡಿ. ಎರಡಾಳೆತ್ತರದ, ತುಕ್ಕು ಹಿಡಿದ ದಪ್ಪ ಪ್ಲೇಟುಗಳು ವಾಲಿಕೊಂಡು ಸುತ್ತುಗಟ್ಟಿ ನಿಂತಿವೆ. ಒಳಗೆ ನಡೆದರೆ ನೆಲವೇ ಓರೆಯಾದಂತೆ ಅನ್ನಿಸುತ್ತದೆ. ಇವುಗಳಲ್ಲಿ ಕೆಲವನ್ನು ಬಗ್ಗಿಸಿದ್ದು ಬಾಲ್ಟಿಮೋರ್ ಕಡೆಯ ಹಡಗು ಕಟ್ಟುವ ಯಾರ್ಡ್‌ನಲ್ಲಿ. ಮಾವ ಜಾಯಿಂಟ್ ಎಲ್ಲಿದೆ ಅಂತ ಹುಡುಕುತ್ತಾ ಅಲ್ಲೇ ನಿಂತುಬಿಟ್ಟರು. ಎಳೆದುಕೊಂಡು ಬರಬೇಕಾಯಿತು.

ಮಂಡ್ಯದಿಂದ: ನನಗೆ ಅಷ್ಟೇನೂ ಹಿಡಿಸಲಿಲ್ಲ. ಒಂದು ಕಡೆ ನೆಲದಿಂದ ಸೂರಿಗೆ ಸುಮ್ನೆ ಬಣ್ಣದ ನೂಲು ಎಳೆದು ಕಟ್ಟಿದ್ದಾರೆ. ಫ್ರೆಡ್ ಸ್ಯಾಂಡ್‌ಬ್ಯಾಕ್ ಅಂತ ಕಲಾವಿದ. "ಇದಕ್ಕೆ ಟಿಕೆಟ್ ಬೇರೆ" ಅಂದರು ನಮ್ಮಮ್ಮ. ಆದರೆ ನೂಲುಗಳ ನಡುವೆ ಗಾಜಿದೆ ಅಂದುಕೊಂಡು ಪಕ್ಕಕ್ಕೆ ಸರಿದು ನಡೆದಿದ್ದೂ ಅವರೇ! ವಿವರಣೆಯ ಬೋರ್ಡುಗಳು ಕಡಿಮೆ. ಮಗಳಿಗೆ ಮೊದಲೇ ಓದಿಕೊಂಡು ಬರಲು ಹೇಳಿ.

ಸಿದ್ಧಾರ್ಥನಗರದಿಂದ: ಮ್ಯಾನ್‌ಹಟನ್‌ನ ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ರೈಲು ಹತ್ತಿ, ಸುಮಾರು ಒಂದೂವರೆ ಗಂಟೆ. ಹೋಗುವಾಗ ಎಡಗಡೆ ಕೂತರೆ ಹಡ್ಸನ್ ನದಿ ಜೊತೆಜೊತೆಗೇ ಬರುತ್ತದೆ. ಸ್ಟೇಷನ್‌ನಿಂದ ಮ್ಯೂಸಿಯಂ ನಡೆಯುವಷ್ಟು ಹತ್ತಿರ. ಒಳಗೇ ಜಾಸ್ತಿ ನಡೆಯಬೇಕು, ಮಂಡಿನೋವು ಇದ್ದರೆ ಎಲ್ಲವನ್ನೂ ನೋಡುವ ಹಟ ಬೇಡ. ಹೆಚ್ಚಿನ ಕಡೆ ಲೈಟ್ ಹಾಕುವುದಿಲ್ಲ, ಹಾಗಾಗಿ ಮೋಡ ಕವಿದ ದಿನ ಬಿಟ್ಟು ಹೋಗಿ. ವಾರದ ಎಲ್ಲ ದಿನ ತೆಗೆದಿರುವುದಿಲ್ಲ, ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ. ದಿನ, ಸಮಯ ಎರಡನ್ನೂ ಆನ್‌ಲೈನ್‌ನಲ್ಲಿ ನೋಡಿಕೊಂಡೇ ಹೊರಡಿ.