ಡೈವೋರ್ಸ್, ಜೀವನಾಂಶ, ಮಕ್ಕಳ ಕಸ್ಟಡಿ: ಲಾಯರ್ ಹತ್ತಿರ ಕೇಳಿ

ಪ್ರಶ್ನೆ: ಮೇಡಂ, ನಮ್ಮ ಮದುವೆ 2019ರಲ್ಲಿ ಮೈಸೂರಲ್ಲಿ ಆಯ್ತು. ಎರಡು ವರ್ಷದಿಂದ ಬೇರೆ ಇದ್ದೇವೆ. ನಾನು ಮೈಸೂರಲ್ಲಿ ತವರಲ್ಲಿದ್ದೇನೆ, ಅವರು ಬೆಂಗಳೂರಲ್ಲಿ. ಇಬ್ಬರಿಗೂ ಒಪ್ಪಿಗೆ ಇದೆ, ಎಲ್ಲ ಮಾತಾಗಿದೆ. ಇಬ್ಬರಿಗೂ ಸೇರಿ ಒಬ್ಬರೇ ಲಾಯರ್ ಸಾಕಾ? ಎಷ್ಟು ದಿನ ಹಿಡಿಯುತ್ತೆ?

ಉತ್ತರ: ಪರಸ್ಪರ ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿ ಬರುತ್ತೆ. ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ 1 ವರ್ಷ ಬೇರೆ ಇದ್ದಿರಬೇಕು. ಒಂದೇ ಮನೆಯಲ್ಲಿದ್ದರೂ ಗಂಡ-ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೇ. ಮದುವೆ ಮೈಸೂರಲ್ಲೇ ಆಗಿರುವುದರಿಂದ ಅಲ್ಲಿನ ಕುಟುಂಬ ನ್ಯಾಯಾಲಯದಲ್ಲೇ ಹಾಕಬಹುದು. ನೀವಿಬ್ಬರೂ ಕೊನೆಯದಾಗಿ ಒಟ್ಟಿಗಿದ್ದ ಊರಲ್ಲೂ ಆಗುತ್ತೆ.

ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿ ಆಗಿದ್ದರೆ ಅದರ ಪ್ರಮಾಣಪತ್ರ, ಇಬ್ಬರ ಆಧಾರ್ ಮತ್ತು ವಿಳಾಸದ ದಾಖಲೆ ಬೇಕು. ಜಂಟಿ ಅರ್ಜಿ ಸಲ್ಲಿಸಿ ಮೊದಲ ಹೇಳಿಕೆ ಕೊಟ್ಟ ಮೇಲೆ ಕಾನೂನು 6 ತಿಂಗಳು ಕಾಯಿಸುತ್ತೆ. ಎರಡನೇ ಹೇಳಿಕೆ 18 ತಿಂಗಳೊಳಗೆ ಆಗಬೇಕು. ಆ 6 ತಿಂಗಳನ್ನು ಮನ್ನಾ ಮಾಡುವ ಅಧಿಕಾರ ಕೋರ್ಟಿಗಿದೆ ಎಂದು ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅದಕ್ಕೆ ಮೊದಲ ಹೇಳಿಕೆಗೂ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ನಿಜವಾಗಿಯೂ ಇತ್ಯರ್ಥವಾಗಿರಬೇಕು. ಮೊದಲ ಹೇಳಿಕೆಯಾದ ಒಂದು ವಾರದ ಮೇಲೆ ಮನ್ನಾ ಅರ್ಜಿ ಹಾಕಬಹುದು. ಬೇರೆ ಇದ್ದ ತಾರೀಖನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯದೆ ‘ಕೆಲವು ಕಾಲದಿಂದ’ ಅಂತ ಬರೆದರೆ ಮನ್ನಾ ಸಿಗುವುದು ಕಷ್ಟ.

ಜಂಟಿ ಅರ್ಜಿಗೆ ಒಬ್ಬರೇ ವಕೀಲರು ಇರುವುದುಂಟು. ಆಸ್ತಿ, ಮಗು, ಸಾಲ ಯಾವುದೂ ಇಲ್ಲ ಅಂದರೆ ಸಾಕು. ಯಾವುದಾದರೂ ಇದ್ದರೆ, ಸಹಿ ಹಾಕುವ ಮುಂಚೆ ನಿಮ್ಮ ಪರವಾಗಿ ಇನ್ನೊಬ್ಬ ವಕೀಲರಿಗೆ ಒಮ್ಮೆ ಓದಿಸಿ. ಒಂದೇ ಪೆನ್ನು ಎರಡು ಕಡೆಯ ಹಿತ ಬರೆಯುವುದು ಕಷ್ಟ.

ಪ್ರಶ್ನೆ (ಅವರೇ): ಮಗಳಿದ್ದಾಳೆ, ಆರು ವರ್ಷ. ಜಂಟಿ ಹೋಂ ಲೋನ್ ಇರುವ ಫ್ಲ್ಯಾಟ್ ಇದೆ. 498ಎ (ಗಂಡನ ಕಡೆಯವರ ಕ್ರೌರ್ಯದ) ಕೇಸೂ ಒಂದಿದೆ, ಅದನ್ನ ವಾಪಸ್ ತಗೋತೀನಿ ಅಂದಿದ್ದೇನೆ. ಅವರು ದುಡ್ಡು ಕೊಡ್ತೀನಿ ಅಂದಿದ್ದಾರೆ.

ಉತ್ತರ: ಹಾಗಾದರೆ ‘ಎಲ್ಲ ಮಾತಾಗಿದೆ’ ಅನ್ನುವ ಹಾಗಿಲ್ಲ. ಮಾತಲ್ಲಿ ಒಪ್ಪಿ ಕಾಗದದಲ್ಲಿ ಬಿಟ್ಟದ್ದೇ ಆಮೇಲೆ ಎರಡನೇ ಕೇಸಾಗುತ್ತೆ.

498ಎ ನಿಮ್ಮ ಕೈಯಲ್ಲಿ ವಾಪಸ್ ತಗೊಳ್ಳೋ ಕೇಸಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ರಾಜಿ ಆಗುವ ಅಪರಾಧದ ಪಟ್ಟಿಯಲ್ಲಿ ಅದಿಲ್ಲ. 2024ರ ಜುಲೈ 1ರಿಂದ ಈಚಿನ ಘಟನೆಯಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಅದಕ್ಕೂ ಇದೇ ಮಾತು. ರಾಜಿಯಾದ ಮೇಲೆ ಆರೋಪಿಗಳು ಹೈಕೋರ್ಟಲ್ಲಿ ರದ್ದು ಕೋರಿ ಅರ್ಜಿ ಹಾಕಬೇಕು, ನೀವು ಅಲ್ಲಿ ಒಪ್ಪಿಗೆಯ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ಈ ಪ್ರಮಾಣಪತ್ರಕ್ಕೆ ಯಾವಾಗ ಸಹಿ ಹಾಕುತ್ತೀರಿ, ಅದಕ್ಕೆ ಮುಂಚೆ ಎಷ್ಟು ಹಣ ಬಂದಿರಬೇಕು ಅನ್ನುವುದು ರಾಜಿ ಪತ್ರದಲ್ಲೇ ಇರಲಿ. ಮೊದಲ ಹೇಳಿಕೆಯ ದಿನ ಒಂದು ಪಾಲು, ರದ್ದತಿಯ ಪ್ರಮಾಣಪತ್ರದ ದಿನ ಇನ್ನೊಂದು, ಎರಡನೇ ಹೇಳಿಕೆಯ ದಿನ ಕೋರ್ಟಲ್ಲೇ ಡಿಡಿ ಮೂಲಕ ಉಳಿದದ್ದು ಎಂದು ಹಂಚುವುದು ಎರಡೂ ಕಡೆಗೆ ಕ್ಷೇಮ. ಡಿಕ್ರಿ (ವಿಚ್ಛೇದನದ ಅಂತಿಮ ಆದೇಶ) ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆಯಬಹುದು ಅನ್ನುವುದು ನೆನಪಿರಲಿ. ಪೂರ್ತಿ ಹಣ ಮೊದಲೇ ಕೊಟ್ಟವರೂ, ಕೇಸು ಮೊದಲೇ ಮುಗಿಸಿಕೊಟ್ಟವರೂ ಸಿಕ್ಕಿಬೀಳುವುದು ಇಲ್ಲೇ.

ಫ್ಲ್ಯಾಟ್ ವಿಷಯ. ‘ಸಾಲ ಗಂಡ ಕಟ್ಟತಕ್ಕದ್ದು’ ಎಂದು ಡಿಕ್ರಿಯಲ್ಲಿ ಬರೆದರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಸಾಲದ ಕಾಗದದಲ್ಲಿ ನಿಮ್ಮ ಸಹಿ ಇರುವವರೆಗೆ ಕಂತು ತಪ್ಪಿದರೆ ನಿಮ್ಮ ಸಿಬಿಲ್ ಸ್ಕೋರ್ ಕೂಡ ಬೀಳುತ್ತೆ. ಬ್ಯಾಂಕಿಂದ ಸಹಸಾಲಗಾರರ ಹೆಸರು ತೆಗೆಸಿ ಪತ್ರ ತರುವುದನ್ನು ಷರತ್ತಾಗಿಸಿ. ನಿಮ್ಮ ಪಾಲು ಅವರಿಗೆ ಹೋಗುವುದಾದರೂ, ಅವರದು ನಿಮಗೆ ಬರುವುದಾದರೂ ನೋಂದಣಿ ಡಿಕ್ರಿಗೆ ಮುಂಚೆಯೇ ಆಗುವುದು ಲಾಭ. ಕರ್ನಾಟಕದಲ್ಲಿ ಗಂಡ-ಹೆಂಡತಿ ನಡುವಿನ ದಾನಪತ್ರಕ್ಕೆ ಕುಟುಂಬದವರ ಕಡಿಮೆ ಮುದ್ರಾಂಕ ಶುಲ್ಕ. ಡಿಕ್ರಿ ಆದ ಮರುದಿನ ನೀವು ಆ ಲೆಕ್ಕದಲ್ಲಿ ಕುಟುಂಬದವರಲ್ಲ.

ಮಗಳ ಖರ್ಚನ್ನು ನಿಮ್ಮ ಜೀವನಾಂಶದ ಒಳಗೆ ಸೇರಿಸಬೇಡಿ, ಬೇರೆ ಸಾಲಾಗಿ ಬರೆಸಿ: ತಿಂಗಳಿಗಿಷ್ಟು, ವರ್ಷಕ್ಕೆ ಶೇಕಡಾ ಇಷ್ಟು ಏರಿಕೆ, ಶಾಲೆಯ ಫೀಸು ನೇರವಾಗಿ ಶಾಲೆಗೆ. ‘ಮಗಳಿಗೂ ಏನೂ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಮಗಳ ಹಕ್ಕು ಹೋಗುವುದಿಲ್ಲ. ಒಡವೆಯನ್ನು ‘ಸ್ತ್ರೀಧನ ವಾಪಸ್ ಮಾಡಲಾಗಿದೆ’ ಎಂದು ಒಂದೇ ಸಾಲಲ್ಲಿ ಮುಗಿಸದೆ ಸರ, ಬಳೆ, ಓಲೆ ಹೀಗೆ ಗ್ರಾಂ ಸಮೇತ ಪಟ್ಟಿ ಮಾಡಿ. ಮಗಳ ಪಾಸ್‌ಪೋರ್ಟಿಗೆ ಇಬ್ಬರ ಸಹಿ ಯಾವಾಗ, ಹೇಗೆ ಅನ್ನುವುದೂ ಒಂದು ಸಾಲು ಇರಲಿ.

ಪ್ರಶ್ನೆ: ಸರ್/ಮೇಡಂ, ಗಂಡನ ಸಂಬಳದಲ್ಲಿ ಮೂರನೇ ಒಂದು ಪಾಲು ಹೆಂಡತಿಗೆ ಅಂತಾರೆ, ನಿಜವಾ? ಅವರು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ‘ಇಎಂಐ ಹೋಗಿ ಕೈಗೆ ಬರೋದೇ 40 ಸಾವಿರ’ ಅಂತಿದ್ದಾರೆ. ಮಗುವಿಗಾಗಿ ನಾನು ಕೆಲಸ ಬಿಟ್ಟಿದ್ದೇನೆ.

ಉತ್ತರ: ಅಂಥ ಸೂತ್ರ ಕಾನೂನಿನಲ್ಲಿಲ್ಲ. ನಿವ್ವಳ ಸಂಬಳದ ಶೇ. 25 ನ್ಯಾಯವಾದದ್ದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದ್ದನ್ನು ಎಲ್ಲರೂ ಹಿಡಿದುಕೊಂಡಿದ್ದಾರೆ, ಆದರೆ ಅದು ಆ ಪ್ರಕರಣದ ಅಳತೆ. ಕೋರ್ಟ್ ನೋಡುವುದು ಇಬ್ಬರ ಆದಾಯ, ಒಟ್ಟಿಗಿದ್ದಾಗಿನ ಜೀವನಮಟ್ಟ, ಮಕ್ಕಳ ಖರ್ಚು, ವಯಸ್ಸು, ಓದು, ಮನೆಗಾಗಿ ಬಿಟ್ಟ ಕೆಲಸ, ಅವರ ಮೇಲೆ ಅವಲಂಬಿತರಾದ ತಂದೆ-ತಾಯಿ, ಇವನ್ನೆಲ್ಲ.

ಈಗ ನಿರ್ಣಾಯಕವಾದದ್ದು ಪ್ರಮಾಣಪತ್ರ, ಅಂದರೆ ಅಫಿಡವಿಟ್. ರಜನೀಶ್ ವಿರುದ್ಧ ನೇಹಾ ತೀರ್ಪು (2020) ಬಂದ ಮೇಲೆ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರವನ್ನು ನಿಗದಿತ ನಮೂನೆಯಲ್ಲಿ ಪ್ರಮಾಣ ಮಾಡಿ ಕೊಡಲೇಬೇಕು. ಎದುರುದಾರರಿಗೆ ಹೆಚ್ಚೆಂದರೆ 4 ವಾರ. ಸಂಬಳದಲ್ಲಿ ಕಳೆಯುವುದು ತೆರಿಗೆ, ಪಿಎಫ್‌ನಂಥ ಕಡ್ಡಾಯ ಕಡಿತ. ಕಾರಿನ ಇಎಂಐ, ತಾವೇ ಹೆಚ್ಚಿಸಿಕೊಂಡ ಉಳಿತಾಯ ಇವನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ‘ಕೈಗೆ ಬರೋದು 40 ಸಾವಿರ’ ಅನ್ನುವುದರಿಂದ ಲೆಕ್ಕ ಶುರುವಾಗುವುದಿಲ್ಲ. ಫಾರ್ಮ್ 16, ಮೂರು ವರ್ಷದ ತೆರಿಗೆ ರಿಟರ್ನ್, ಎಲ್ಲ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಕ್ರೆಡಿಟ್ ಕಾರ್ಡ್ ಬಿಲ್ ಕೇಳಿ. ಕೊಡದಿದ್ದರೆ ದಾಖಲೆ ಹಾಜರುಪಡಿಸಲು ಅರ್ಜಿ, ಅದಕ್ಕೂ ಬಗ್ಗದಿದ್ದರೆ ಕಂಪನಿಗೆ ಸಮನ್ಸ್. ಬೋನಸ್ ಮತ್ತು ಷೇರಿನ ರೂಪದ ಸಂಬಳ ಪೇ ಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ಕಾಣುವುದಿಲ್ಲ, ವರ್ಷದ ಫಾರ್ಮ್ 16ರಲ್ಲಿ ಸಿಕ್ಕಿಬೀಳುತ್ತೆ.

ನಿಮ್ಮ ಕಡೆಯದೂ ಅಷ್ಟೇ ಶುದ್ಧ ಇರಬೇಕು. ಮನೆಯಲ್ಲಿ ಟ್ಯೂಷನ್ ಹೇಳಿ ಯುಪಿಐಗೆ ಹಣ ಬರುತ್ತಿದ್ದರೆ ‘ಆದಾಯ ಇಲ್ಲ’ ಅನ್ನಬೇಡಿ. ಸ್ವಲ್ಪ ಆದಾಯ ಇದ್ದರೆ ಜೀವನಾಂಶ ತಪ್ಪುವುದಿಲ್ಲ, ಮುಚ್ಚಿಟ್ಟರೆ ನಂಬಿಕೆ ತಪ್ಪುತ್ತೆ, ಸುಳ್ಳು ಪ್ರಮಾಣ ಮಾಡಿದಿರಿ ಎಂದು ನಿಮ್ಮ ಮೇಲೆ ಅರ್ಜಿಯೂ ಬೀಳಬಹುದು. ಖರ್ಚಿನ ಪಟ್ಟಿಗೆ ಬಾಡಿಗೆ ಕರಾರು, ಶಾಲೆಯ ರಸೀದಿ, ಔಷಧಿ ಬಿಲ್ ಜೋಡಿಸಿ. ದುಂಡು ಸಂಖ್ಯೆಗಳ ಪಟ್ಟಿಯನ್ನು ಪಾಟೀಸವಾಲಿನಲ್ಲಿ ಹತ್ತು ನಿಮಿಷದಲ್ಲಿ ಹರಿದು ಹಾಕುತ್ತಾರೆ.

ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ‘ಹಿರಿಯರು ಕೂತು ಮಾತಾಡಲಿ’ ಎಂದು ಎಂಟು ತಿಂಗಳು ಕಾದರೆ ಆ ಎಂಟು ತಿಂಗಳು ಹೋದ ಹಾಗೇ. ಹಿರಿಯರು ಮಾತಾಡಲಿ, ಅರ್ಜಿಯೂ ಇರಲಿ. ವಿಚ್ಛೇದನದ ಕೇಸಿದ್ದರೆ ಅದರಲ್ಲೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಮಧ್ಯಂತರ ಅರ್ಜಿ. ಇಲ್ಲದಿದ್ದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ರ ಜಾಗದಲ್ಲಿ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 144, ಅಥವಾ ಕೌಟುಂಬಿಕ ಹಿಂಸೆ ಕಾಯ್ದೆ. ಎರಡು ಕಡೆ ಹಾಕಿದರೆ ಒಂದನ್ನು ಇನ್ನೊಂದರಲ್ಲಿ ತಿಳಿಸಲೇಬೇಕು, ಮೊತ್ತ ಸರಿದೂಗಿಸುತ್ತಾರೆ.

ಇನ್ನೊಬ್ಬ ವಕೀಲರು ಸೇರಿಸಿದ್ದು: ತಾಲ್ಲೂಕು ಕಡೆಯವರಿಗಾಗಿ ಒಂದು ಮಾತು. ಕೃಷಿಕರಿಗೆ ಅದೇ ರಜನೀಶ್ ತೀರ್ಪಿನಲ್ಲಿ ಪ್ರಮಾಣಪತ್ರದ ಬೇರೆ ನಮೂನೆ ಇದೆ. ‘ಮಳೆ ಇಲ್ಲ, ಬೆಳೆ ಇಲ್ಲ’ ಎಂದು ಒಂದೇ ಸಾಲು ಬರೆದು ಕೊಡುವವರು ಬಹಳ. ಪಹಣಿಯಲ್ಲಿ ಬೆಳೆಯ ಹೆಸರಿರುತ್ತೆ, ಅಡಿಕೆ ಹಾಕಿದ ಸೊಸೈಟಿಯ ಪಟ್ಟಿ ಇರುತ್ತೆ, ಹಾಲಿನ ಡೈರಿಯ ಬಟವಾಡೆ ಬ್ಯಾಂಕ್ ಖಾತೆಗೇ ಬರುತ್ತೆ. ಜಮೀನು ಮಾವನ ಹೆಸರಲ್ಲಿದ್ದರೆ ವಂಶವೃಕ್ಷ ಮತ್ತು ಮ್ಯುಟೇಶನ್ ನಕಲು ತೆಗೆಸಿ, ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಲ್ಲೇ ತಿಳಿಯುತ್ತೆ.

ಪ್ರಶ್ನೆ: ಹೆಂಡತಿ ನಾಲ್ಕು ವರ್ಷದ ಮಗನನ್ನ ಕರ್ಕೊಂಡು ಶಿವಮೊಗ್ಗಕ್ಕೆ ಹೋಗಿ ಏಳು ತಿಂಗಳಾಯ್ತು. ಫೋನಲ್ಲೂ ಮಾತಾಡಿಸ್ತಿಲ್ಲ. ನಾನು ಬೆಂಗಳೂರಲ್ಲಿ. ಮಗು ತೋರಿಸೋವರೆಗೆ ದುಡ್ಡು ಕಳಿಸೋದಿಲ್ಲ ಅಂತ ನಿಲ್ಲಿಸಿದ್ದೇನೆ. ಕಸ್ಟಡಿ ಸಿಗುತ್ತಾ ಸರ್?

ಉತ್ತರ: ಮೊದಲು ದುಡ್ಡು ಕಳಿಸಿ, ಬ್ಯಾಂಕ್ ಮೂಲಕವೇ. ಜೀವನಾಂಶಕ್ಕೂ ಭೇಟಿಗೂ ಕೋರ್ಟ್ ಗಂಟು ಹಾಕುವುದಿಲ್ಲ. ನಿಲ್ಲಿಸಿದ್ದು ಕಸ್ಟಡಿ ಕೇಸಿನಲ್ಲಿ ನಿಮ್ಮ ವಿರುದ್ಧದ ಮೊದಲ ದಾಖಲೆಯಾಗುತ್ತೆ.

5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ 6ನೇ ಕಲಂ ಹೇಳುತ್ತೆ. ‘ಸಾಮಾನ್ಯವಾಗಿ’ ಅಷ್ಟೇ. ಆದರೆ ಅದನ್ನು ಮೀರಲು ಮಗುವಿನ ಕ್ಷೇಮಕ್ಕೆ ಧಕ್ಕೆ ಇದೆಯೆಂದು ತೋರಿಸಬೇಕು. ಹೆಂಡತಿಯ ಮೇಲಿನ ಸಿಟ್ಟು ಅದಕ್ಕೆ ಸಾಕ್ಷ್ಯವಲ್ಲ. ನಿಮ್ಮ ಸ್ಥಿತಿಯಲ್ಲಿ ಮೊದಲು ಗೆಲ್ಲಬಹುದಾದದ್ದು ಮಧ್ಯಂತರ ಭೇಟಿ.

ಎಲ್ಲಿ ಹಾಕಬೇಕು? ಪಾಲಕರ ಕಾಯ್ದೆಯ 9ನೇ ಕಲಂ ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರುವ ಊರಿನಲ್ಲಿ. ಏಳು ತಿಂಗಳಲ್ಲಿ ಅಲ್ಲೇ ಶಾಲೆಗೆ ಸೇರಿಸಿದ್ದರೆ ಶಿವಮೊಗ್ಗ ಎಂದೇ ವಾದ ಬರುತ್ತೆ. ಬೆಂಗಳೂರಲ್ಲಿ ಹಾಕಿ, ವ್ಯಾಪ್ತಿಯ (ಯಾವ ಕೋರ್ಟಿಗೆ ಅಧಿಕಾರ ಅನ್ನುವ) ಜಗಳದಲ್ಲೇ ವರ್ಷ ಕಳೆಯುವುದು ಇಂಥ ಕೇಸಿನ ಹಳೇ ಕಾಯಿಲೆ. ನಿಮ್ಮಿಬ್ಬರ ನಡುವೆ ಈಗಾಗಲೇ ವೈವಾಹಿಕ ಕೇಸಿದ್ದರೆ ಅದರಲ್ಲೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಅರ್ಜಿ ಸಾಕು.

ಅರ್ಜಿಯಲ್ಲಿ ‘ಭೇಟಿಗೆ ಅವಕಾಶ ಕೊಡಿಸಿ’ ಎಂದಷ್ಟೇ ಬರೆಸಬೇಡಿ. ಯಾವ ಶನಿವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಎಲ್ಲಿ, ಯಾರು ಕರೆತರಬೇಕು, ಮಗುವಿಗೆ ಜ್ವರ ಬಂದು ತಪ್ಪಿದರೆ ಬದಲಿ ದಿನ ಯಾವುದು, ವಾರಕ್ಕೆ ಎಷ್ಟು ವಿಡಿಯೊ ಕರೆ ಮತ್ತು ಯಾವ ಹೊತ್ತಿಗೆ, ದಸರಾ ಮತ್ತು ಬೇಸಿಗೆ ರಜೆ ಹೇಗೆ ಹಂಚಿಕೆ, ಎಲ್ಲ ಕೇಳಿ. ಅಸ್ಪಷ್ಟ ಆದೇಶವನ್ನು ಉಲ್ಲಂಘಿಸಿದ್ದಾರೆ ಎಂದು ಸಾಬೀತು ಮಾಡಲಾಗುವುದಿಲ್ಲ. ಮೊದಲ ಕೆಲವು ಭೇಟಿ ಕೋರ್ಟ್ ಆವರಣದಲ್ಲೇ ಆದರೂ ಒಪ್ಪಿ, ತಪ್ಪದೆ ಹೋಗಿ. ಹಾಜರಿಯೇ ಮುಂದೆ ರಾತ್ರಿ ತಂಗುವ ಭೇಟಿಗೆ ಆಧಾರ. ಲಸಿಕೆ ಕಾರ್ಡ್, ಶಾಲೆಯ ಫೀಸು, ಪೋಷಕರ ಸಭೆಗೆ ಹೋದ ಗುರುತು ಇದ್ದರೆ ತೆಗೆದಿಡಿ. ಏನೇ ಆಗಲಿ ಶಾಲೆಯ ಗೇಟಿಂದ ಮಗುವನ್ನು ಎತ್ತಿಕೊಂಡು ಬರಬೇಡಿ.

ಪ್ರಶ್ನೆ: ಗಂಡ ಅಮೆರಿಕದಲ್ಲಿ ಡೈವೋರ್ಸ್ ಹಾಕಿದ್ದಾರೆ, ನಾನು ಧಾರವಾಡದಲ್ಲಿದ್ದೇನೆ. ನೋಟಿಸ್ ಈಮೇಲಲ್ಲಿ ಬಂದಿದೆ. ಸುಮ್ಮನಿರಬಹುದಾ?

ಉತ್ತರ: ಸುಮ್ಮನಿರಬೇಡಿ, ಹಾಗೆಂದು ಅವಸರದಲ್ಲಿ ಒಪ್ಪಿ ಹಾಜರಾಗಲೂಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಎದುರುದಾರರು ಅಲ್ಲಿನ ವ್ಯಾಪ್ತಿಗೆ ಒಪ್ಪದೆ ಇದ್ದಾಗ ಕೊಟ್ಟ ವಿದೇಶಿ ಡಿಕ್ರಿಗೆ ಇಲ್ಲಿ ಮಾನ್ಯತೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿನ ವಕೀಲರ ಮೂಲಕ ವ್ಯಾಪ್ತಿಗೆ ಆಕ್ಷೇಪಣೆ ಮಾತ್ರ ದಾಖಲಿಸಿ, ಇಲ್ಲಿ ಜೀವನಾಂಶದ ಅರ್ಜಿ ಹಾಕಿ.

ಪ್ರಶ್ನೆ: ಗಂಡ ಬೈದಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿದ್ದೇನೆ, ಕೋರ್ಟಲ್ಲಿ ನಡೆಯುತ್ತಾ?

ಉತ್ತರ: ವಿಚ್ಛೇದನದ ಕೇಸಿನಲ್ಲಿ ನಡೆಯುತ್ತೆ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೆ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ ಬೇಕು, ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು) ಮತ್ತು ತಜ್ಞರ ಸಹಿ ಸಮೇತ. ಮೂಲ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ, ಕತ್ತರಿಸಿದ ಕ್ಲಿಪ್ ಕೊಡಬೇಡಿ. ಪೂರ್ತಿ ರೆಕಾರ್ಡಿಂಗಿನಲ್ಲಿ ನೀವು ಬೈದಿದ್ದೂ ಕೇಳಿಸುತ್ತೆ ಅನ್ನುವುದು ಗೊತ್ತಿರಲಿ.

ಪ್ರಶ್ನೆ: ಅಕ್ಕನಿಗೆ ತಿಂಗಳಿಗೆ 12 ಸಾವಿರ ಆದೇಶ ಆಗಿ ಹತ್ತು ತಿಂಗಳಾಯ್ತು, ಭಾವ ಒಂದು ರೂಪಾಯಿ ಕೊಟ್ಟಿಲ್ಲ. ಲಾಯರಿಗೆ ಕೊಡೋಕೂ ದುಡ್ಡಿಲ್ಲ.

ಉತ್ತರ: ಆದೇಶ 125 ಅಥವಾ 144ರ ಅಡಿ ಆಗಿದ್ದರೆ ಈ ತಿಂಗಳೇ ವಸೂಲಿ ಅರ್ಜಿ ಹಾಕಿಸಿ. ಬಾಕಿ ಬಿದ್ದ ದಿನದಿಂದ 1 ವರ್ಷದೊಳಗೆ ಕೇಳದ ಕಂತಿಗೆ ವಾರಂಟ್ ಹೊರಡುವುದಿಲ್ಲ. ಅಂದರೆ ಮೊದಲ ಕಂತು ಇನ್ನೆರಡು ತಿಂಗಳಲ್ಲಿ ಕೈತಪ್ಪುತ್ತೆ. ತಿಂಗಳು, ಕೊಡಬೇಕಾದದ್ದು, ಕೊಟ್ಟದ್ದು, ಬಾಕಿ ಎಂದು ಪಟ್ಟಿ ಮಾಡಿ, ಆದೇಶದ ದೃಢೀಕೃತ ನಕಲು, ಬ್ಯಾಂಕ್ ಪಾಸ್‌ಬುಕ್ ಜೋಡಿಸಿ. ಭಾವನ ಕೆಲಸದ ವಿಳಾಸ ಮತ್ತು ಆಸ್ತಿಯ ವಿವರ ಬರೆಯಿರಿ, ಇಲ್ಲದಿದ್ದರೆ ವಾರಂಟ್ ‘ಆಸಾಮಿ ಸಿಕ್ಕಿಲ್ಲ’ ಎಂದು ವಾಪಸ್ ಬರುತ್ತೆ. ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ 1 ತಿಂಗಳವರೆಗೆ ಸೆರೆ ಇದೆ. ಸೆರೆ ಅನುಭವಿಸಿದರೂ ಬಾಕಿ ತೀರುವುದಿಲ್ಲ.

ಫೀಸಿನ ಚಿಂತೆ ಬಿಡಿ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ. ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಸಹಾಯವಾಣಿ 15100. ಹೋಗುವಾಗ ಆದೇಶದ ನಕಲು, ಅಕ್ಕನ ಆಧಾರ್ ಮತ್ತು ಆ ಬಾಕಿಯ ಪಟ್ಟಿ ಕೈಯಲ್ಲಿರಲಿ.