ಟೋಕಿಯೋದಲ್ಲಿ ಎಲ್ಲಿ ಉಳಿಯುವುದು ಎಂದು ಕೇಳಿದ ಅತ್ತಿಗೆಗೆ

ಅತ್ತಿಗೆ, ನಮಸ್ಕಾರ. ಮಾರ್ಚ್ ಕೊನೆಯ ವಾರದಲ್ಲಿ ನೀವು, ಅಣ್ಣ, ಮಕ್ಕಳಿಬ್ಬರು ಮತ್ತು ದೊಡ್ಡಮ್ಮ ಟೋಕಿಯೋಗೆ ಬರುತ್ತಿದ್ದೀರಿ ಎಂದು ತಿಳಿದು ಬಹಳ ಸಂತೋಷವಾಯಿತು. ಶಿಂಜುಕುವಿನ ಹೋಟೆಲಿನಲ್ಲಿ ಇಬ್ಬರ ಕೋಣೆಗೆ ರಾತ್ರಿಗೆ 28,000 ಯೆನ್ ಆಗುತ್ತದೆ, ಪೂರ್ವದ ಅಂಚಿನ ನಿಶಿ ಕಸಾಯಿಯಲ್ಲಿ ಅಂಥದ್ದೇ ಕೋಣೆ 12,000 ಯೆನ್‌ಗೆ ಸಿಗುತ್ತಿದೆ, ಯಾವುದನ್ನು ಕಾಯ್ದಿರಿಸಲಿ ಎಂದು ನೀವು ಗುಂಪಿನಲ್ಲಿ ಕೇಳಿದ್ದೀರಿ. ಹೊರಗೆ ಉಳಿದರೆ ಅರ್ಧ ದಿನ ರೈಲಿನಲ್ಲೇ ಕಳೆಯುತ್ತದೆ, ಹಣ ಹೆಚ್ಚಾದರೂ ಚಿಂತೆಯಿಲ್ಲ, ಊರ ನಡುವೆಯೇ ಇರಿ ಎಂದು ಚಿಕ್ಕಪ್ಪ ಬರೆದಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲೇ ಕೆಲಸದಲ್ಲಿದ್ದು ದಿನವೂ ಅದೇ ರೈಲು ಮಾರ್ಗದಲ್ಲಿ ಓಡಾಡುವವನಾದ್ದರಿಂದ, ನಿಮ್ಮ ಮನೆಯವರ ಮಟ್ಟಿಗೆ ನಿಶಿ ಕಸಾಯಿಯೇ ಸರಿ ಎಂದು ನಾನು ಹೇಳುತ್ತೇನೆ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬಿಡುವು ಮಾಡಿಕೊಂಡು ಕೇಳಿ.

ಮೊದಲನೆಯದಾಗಿ, ಬೆಂಗಳೂರಿಗೆ ಮೆಜೆಸ್ಟಿಕ್ ಇದ್ದಂತೆ ಟೋಕಿಯೋಗೆ ಒಂದೇ ಕೇಂದ್ರ ಎಂಬುದಿಲ್ಲ. ಶಿಂಜುಕು, ಶಿಬುಯಾ, ಉಯೆನೋ, ಟೋಕಿಯೋ ನಿಲ್ದಾಣ ಇವೆಲ್ಲವೂ ಯಾಮಾನೋತೆ ಎಂಬ ವರ್ತುಲ ರೈಲುಮಾರ್ಗದ ಮೇಲೆ ಹರಡಿಕೊಂಡಿವೆ. ಆ ವರ್ತುಲದ ಉದ್ದ 34.5 ಕಿಲೋಮೀಟರ್, ಅದರಲ್ಲಿ 30 ನಿಲ್ದಾಣಗಳು, ಒಂದು ಸುತ್ತು ಬರಲು ಒಂದು ಗಂಟೆ. ಶಿಂಜುಕುವಿನಲ್ಲಿ ಉಳಿದವರೂ ಅಸಾಕುಸಾದ ದೇವಸ್ಥಾನ ನೋಡಲು ಊರನ್ನು ಅಡ್ಡಲಾಗಿ ದಾಟಿಯೇ ಬರಬೇಕು. ಅದಕ್ಕಿಂತ ಮುಖ್ಯವಾದ ಸಂಗತಿ ದೊಡ್ಡಮ್ಮನ ಮಂಡಿನೋವು. ಶಿಂಜುಕು ನಿಲ್ದಾಣ ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ನಿಲ್ದಾಣ; ದಿನಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಬಳಸುವ ಆ ಜಾಗಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ರೈಲಿನಿಂದ ಇಳಿದು ಸರಿಯಾದ ದ್ವಾರ ಹುಡುಕಿ, ಲಿಫ್ಟ್ ಇರುವ ಕಡೆಗೆ ಸುತ್ತಿ ಬಳಸಿ ಹೊರಗೆ ಬರುವಷ್ಟರಲ್ಲಿ ವಯಸ್ಸಾದವರ ಕಾಲು ಸೋತುಹೋಗುತ್ತದೆ. ನಿಶಿ ಕಸಾಯಿ ಮೇಲ್ಸೇತುವೆಯ ಮೇಲಿರುವ ಚಿಕ್ಕ ನಿಲ್ದಾಣ. ಇಳಿದರೆ ಹೊರಗೆ ಬಂದಂತೆಯೇ.

ಆದ್ದರಿಂದ ಈ ಊರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಷ್ಟು ಸಲ ರೈಲು ಬದಲಿಸಬೇಕು, ನಿಲ್ದಾಣದಿಂದ ಹೋಟೆಲಿನ ಬಾಗಿಲಿಗೆ ಎಷ್ಟು ಹೊತ್ತು ನಡೆಯಬೇಕು ಎಂಬ ಎರಡೇ ಲೆಕ್ಕಗಳಿಂದ ಅಳೆಯಬೇಕು. ನಿಶಿ ಕಸಾಯಿ ಇರುವುದು ತೋಜಾಯ್ ಎಂಬ ಮೆಟ್ರೋ ಮಾರ್ಗದಲ್ಲಿ. ಅಲ್ಲಿ ಹತ್ತಿದರೆ ನಿಹೊಂಬಾಶಿಗೂ ಅದರ ಮುಂದಿನ ಓತೆಮಾಚಿಗೂ ಸುಮಾರು ಕಾಲು ಗಂಟೆ, ಒಂದೂ ಬದಲಾವಣೆಯಿಲ್ಲ. ಓತೆಮಾಚಿಯಿಂದ ಟೋಕಿಯೋ ನಿಲ್ದಾಣಕ್ಕೆ ನೆಲದಡಿಯ ದಾರಿಯಲ್ಲೇ ನಡೆದುಹೋಗಬಹುದು. ಕ್ಯೋತೋಗೆ ಹೋಗುವ ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಹೊರಡುವುದೂ ಅಲ್ಲಿಂದಲೇ. ನಿಹೊಂಬಾಶಿಯಲ್ಲಿ ಗಿಂಜಾ ಮಾರ್ಗಕ್ಕೆ ಒಂದು ಸಲ ಬದಲಿಸಿದರೆ ಒಂದು ದಿಕ್ಕಿಗೆ ಉಯೆನೋ ಮತ್ತು ಅಸಾಕುಸಾ, ಇನ್ನೊಂದು ದಿಕ್ಕಿಗೆ ಗಿಂಜಾ ಮತ್ತು ಶಿಬುಯಾ. ಮಕ್ಕಳು ಕೇಳುತ್ತಿರುವ ಡಿಸ್ನಿಲ್ಯಾಂಡ್ ಇರುವುದು ಪಕ್ಕದ ಚಿಬಾ ಪ್ರಾಂತ್ಯದ ಉರಾಯಾಸುವಿನಲ್ಲಿ. ನಿಶಿ ಕಸಾಯಿಯ ಮುಂದಿನ ನಿಲ್ದಾಣವಾದ ಕಸಾಯಿಯಿಂದ ಅಲ್ಲಿಗೆ ನೇರ ಬಸ್ ಇದೆ. ಶಿಂಜುಕುವಿನಲ್ಲಿ ಉಳಿದವರಿಗೆ ಅದೇ ಸ್ಥಳ ಊರಿನ ಇನ್ನೊಂದು ತುದಿ.

ನೀವು ಬರುವುದು ಚೆರ್ರಿ ಹೂವಿನ ಕಾಲದಲ್ಲಿ. ಅರಮನೆಯ ಕಂದಕದ ಎರಡು ದಂಡೆಗಳಲ್ಲಿ ಮರಗಳು ನೀರಿನ ಮೇಲೆ ಬಾಗಿ ಹೂಬಿಡುವ ಚಿದೊರಿಗಾಫುಚಿಗೆ ಹೋಗಲು ಇಳಿಯಬೇಕಾದ ಕುದಾನ್‌ಶಿತಾ ಕೂಡ ತೋಜಾಯ್ ಮಾರ್ಗದಲ್ಲೇ ಇದೆ. ದೊಡ್ಡಮ್ಮನನ್ನು ತಪ್ಪದೆ ಕರೆದುಕೊಂಡು ಹೋಗಬೇಕಾದ ಇನ್ನೊಂದು ಜಾಗ ಮೊನ್ಜೆನ್ ನಕಾಚೋದ ಫುಕಾಗಾವಾ ಫುದೋದೋ ದೇವಸ್ಥಾನ. ಅಲ್ಲಿ ದಿನವೂ ಹಲವು ಸಲ ಡೋಲು ಬಾರಿಸುತ್ತ, ಮಂತ್ರ ಹೇಳುತ್ತ ಅಗ್ನಿಗೆ ಆಹುತಿ ಕೊಡುತ್ತಾರೆ. ಅವರು ಪೂಜಿಸುವ ಫುದೋ ನಮ್ಮ ನಾಡಿನಿಂದ ಬೌದ್ಧರ ಮೂಲಕ ಹೋದ ಅಚಲನಾಥ, ಆ ಕ್ರಿಯೆ ನಮ್ಮ ಹೋಮದ ಪರಂಪರೆಯದೇ. ಅಲ್ಲಿಗೂ ರೈಲು ಬದಲಿಸಬೇಕಾಗಿಲ್ಲ.

ನಿಶಿ ಕಸಾಯಿಯಲ್ಲಿ ಇಷ್ಟೊಂದು ಭಾರತೀಯರು ಏಕೆ ನೆಲೆಸಿದ್ದಾರೆ ಎಂಬುದೂ ಇದೇ ಮಾತನ್ನು ಹೇಳುತ್ತದೆ. 2000ದ ಆಸುಪಾಸಿನಲ್ಲಿ, ಗಣಕಯಂತ್ರಗಳ ಇಸವಿ ಬದಲಾವಣೆಯ ಸಮಸ್ಯೆ ಎದುರಾದಾಗ, ನಮ್ಮ ದೇಶದಿಂದ ಬಹಳ ಮಂದಿ ಸಾಫ್ಟ್‌ವೇರ್ ಎಂಜಿನಿಯರುಗಳು ಇಲ್ಲಿಗೆ ಬಂದರು. ಅವರ ಕಚೇರಿಗಳು ಓತೆಮಾಚಿ, ನಿಹೊಂಬಾಶಿ, ಕಾಯಾಬಾಚೋ ಕಡೆ ಇದ್ದವು, ಅಲ್ಲಿಗೆ ಈ ಮಾರ್ಗ ನೇರವಾಗಿತ್ತು. ಖಾಸಗಿ ಮನೆಗಳ ಮಾಲೀಕರು ಜಾಮೀನುದಾರರನ್ನೂ, ಮರಳಿ ಬಾರದ ಕಾಣಿಕೆಯ ಹಣವನ್ನೂ ಕೇಳುತ್ತಿದ್ದಾಗ, ಇಲ್ಲಿನ ಯುಆರ್ ಸಂಸ್ಥೆಯ ಸಾರ್ವಜನಿಕ ವಸತಿ ಕಟ್ಟಡಗಳಲ್ಲಿ ಅವೆರಡೂ ಬೇಕಾಗಿರಲಿಲ್ಲ. ಹೀಗೆ ನಿಶಿ ಕಸಾಯಿ ಇರುವ ಎದೊಗಾವಾ ವಾರ್ಡ್ ಟೋಕಿಯೋದಲ್ಲಿ ಅತಿ ಹೆಚ್ಚು ಭಾರತೀಯರಿರುವ ವಾರ್ಡ್ ಆಯಿತು. ಕನ್ನಡ ಮಾತನಾಡುವ ಮನೆಗಳೂ ಅವುಗಳಲ್ಲಿವೆ.

ಇದರಿಂದ ನಿಮಗಾಗುವ ನೇರ ಪ್ರಯೋಜನ ಊಟದ್ದು. ಜಪಾನಿನಲ್ಲಿ ಶುದ್ಧ ಸಸ್ಯಾಹಾರ ಕಷ್ಟ. ಮಿಸೋ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ನೂಡಲ್ಸಿನ ರಸದಲ್ಲಿ ಒಣಮೀನಿನಿಂದ ತೆಗೆದ ದಾಶಿ ಸೇರಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಡಿಸುವವರಿಗೂ ಅದನ್ನು ಹೇಳಬೇಕೆಂದು ಹೊಳೆಯುವುದಿಲ್ಲ. ಹೋಟೆಲಿನವರು ಉಚಿತವಾಗಿ ಕೊಡುವ ಬೆಳಗಿನ ತಿಂಡಿಯಲ್ಲಿ ದೊಡ್ಡಮ್ಮನಿಗೆ ಅನ್ನ, ಬ್ರೆಡ್ಡು, ಸಲಾಡ್, ಹಣ್ಣಿನ ರಸ ಬಿಟ್ಟರೆ ಹೆಚ್ಚಿನದೇನೂ ಆಗಿಬರಲಾರದು. ಹೊರಗೆ ಸುತ್ತಾಡಿ ದಣಿದು ಬಂದ ಸಂಜೆ, ಕೋಣೆಯಿಂದ ಸ್ವಲ್ಪವೇ ನಡೆದರೆ ದೋಸೆ, ಅನ್ನ ಸಾರು ಸಿಗುವ ದಕ್ಷಿಣ ಭಾರತದ ಊಟದ ಹೋಟೆಲುಗಳೂ, ಬೇಳೆ, ಉಪ್ಪಿನಕಾಯಿ ಮಾರುವ ನಮ್ಮವರ ದಿನಸಿ ಅಂಗಡಿಗಳೂ ಇರುವ ಬಡಾವಣೆ ಟೋಕಿಯೋದಲ್ಲಿ ಬೇರೊಂದು ಸುಲಭವಾಗಿ ಸಿಗುವುದಿಲ್ಲ. ಶಿಂಜುಕುವಿನಲ್ಲೂ ಭಾರತೀಯ ಊಟ ಸಿಗುತ್ತದೆ, ನಿಜ. ಆದರೆ ಎಪ್ಪತ್ತು ದಾಟಿದವರನ್ನು ರಾತ್ರಿ ಆ ಜನಜಂಗುಳಿಯಲ್ಲಿ ಊಟಕ್ಕೆ ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ಕೋಣೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಅಗ್ಗದ ಹೋಟೆಲುಗಳನ್ನು ಬಿಸಿನೆಸ್ ಹೋಟೆಲ್ ಎನ್ನುತ್ತಾರೆ. ಕೋಣೆ ಸಾಮಾನ್ಯವಾಗಿ 12ರಿಂದ 15 ಚದರ ಮೀಟರ್. ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ನಡೆಯಲು ಜಾಗವಿರುವುದಿಲ್ಲ. ಸೆಮಿ ಡಬಲ್ ಎಂದು ಬರೆದಿದ್ದರೆ ಮಂಚದ ಅಗಲ ಸುಮಾರು 120 ಸೆಂಟಿಮೀಟರ್ ಮಾತ್ರ, ಅದು ಇಬ್ಬರು ದೊಡ್ಡವರಿಗೆ ಸಾಲದು. ನಿಮಗೆ ಬೇಕಾದದ್ದು ಎರಡು ಬೇರೆ ಬೇರೆ ಮಂಚಗಳಿರುವ ಟ್ವಿನ್. ನಮ್ಮ ಕಡೆಯಂತೆ ಇಬ್ಬರ ಕೋಣೆಗೆ ಹೆಚ್ಚುವರಿ ಹಾಸಿಗೆ ಹಾಕಿಸಿಕೊಂಡು ನಾಲ್ವರು ಮಲಗುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕೋಣೆಗೆ ಎಷ್ಟು ಜನ ಎಂಬುದು ನಿಗದಿಯಾಗಿರುತ್ತದೆ. ಚಿಕ್ಕ ಮಕ್ಕಳು ತಂದೆ ತಾಯಿಯ ಮಂಚದಲ್ಲೇ ಮಲಗುವುದಾದರೆ ಹಲವು ಹೋಟೆಲುಗಳು ಹಣ ತೆಗೆದುಕೊಳ್ಳುವುದಿಲ್ಲ, ಆದರೆ ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು ರೀತಿ. ಮಕ್ಕಳ ವಯಸ್ಸನ್ನು ಕಾಯ್ದಿರಿಸುವಾಗಲೇ ಸರಿಯಾಗಿ ತುಂಬಿ.

ಉಳಿದ ಹಣವನ್ನು ಏನು ಮಾಡಬೇಕೆಂಬ ಬಗ್ಗೆ ನನ್ನದೊಂದು ಮನವಿ. ನಿಶಿ ಕಸಾಯಿಯಲ್ಲಿ ಎರಡು ಕೋಣೆ ತೆಗೆದುಕೊಳ್ಳಿ. ಎರಡಕ್ಕೂ ಸೇರಿ 24,000 ಯೆನ್ ಆಗುತ್ತದೆ, ಶಿಂಜುಕುವಿನ ಒಂದು ಕೋಣೆಗಿಂತ ಆಗಲೂ ಕಡಿಮೆಯೇ. ದೊಡ್ಡಮ್ಮ ಮತ್ತು ದೊಡ್ಡ ಮಗು ಒಂದರಲ್ಲಿ, ನೀವಿಬ್ಬರು ಚಿಕ್ಕ ಮಗುವಿನೊಂದಿಗೆ ಇನ್ನೊಂದರಲ್ಲಿ ಇರಿ. ಎರಡೂ ಒಂದೇ ಮಹಡಿಯಲ್ಲಿ ಅಕ್ಕಪಕ್ಕ ಬೇಕೆಂದು ಮುಂಚಿತವಾಗಿಯೇ ಬರೆದು ಕೇಳಿ, ಧೂಮಪಾನ ರಹಿತ ಕೋಣೆ ಎಂಬುದನ್ನು ಆರಿಸಲು ಮರೆಯಬೇಡಿ. ಹಿರಿಯರಿಗೆ ನಿದ್ದೆ ಬಂದಾಗ ಮಲಗಲು, ಬೆಳಗಿನ ಜಾವ ಎದ್ದು ಜಪ ಮಾಡಲು ಅವರದೇ ಒಂದು ಬಾಗಿಲು ಇದ್ದರೆ ಪ್ರವಾಸದುದ್ದಕ್ಕೂ ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಅಂದ ಹಾಗೆ, ಟೋಕಿಯೋದಲ್ಲಿ 2002ರಿಂದ ವಸತಿ ತೆರಿಗೆ ಇದೆ. ತಲಾ ಒಂದು ರಾತ್ರಿಯ ಬಾಡಿಗೆ 10,000 ಯೆನ್‌ಗಿಂತ ಕಡಿಮೆಯಿದ್ದರೆ ಇದುವರೆಗೆ ಅದು ಬಿದ್ದಿಲ್ಲ, ಆದ್ದರಿಂದ ನಿಮಗೆ ಆ ಖರ್ಚೂ ಇರಲಾರದು.

ಸ್ನಾನದ ಮನೆಯ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ತೊಟ್ಟಿ, ಬೇಸಿನ್, ಕಮೋಡ್ ಎಲ್ಲವೂ ಸೇರಿದ ಅಚ್ಚಿನ ಪುಟ್ಟ ಕೋಣೆ ಅದು. 1964ರ ಒಲಿಂಪಿಕ್ಸ್‌ಗೆ ಮುಂಚೆ ಹೋಟೆಲ್ ನ್ಯೂ ಓತಾನಿಯ ಸಾವಿರಕ್ಕೂ ಹೆಚ್ಚು ಕೋಣೆಗಳನ್ನು ಬೇಗ ಮುಗಿಸಲೆಂದು ಟೋಟೋ ಕಂಪನಿ ರೂಪಿಸಿದ ವ್ಯವಸ್ಥೆ ಈಗ ದೇಶದ ತುಂಬ ಇದೆ. ಅದರ ಹೊಸ್ತಿಲು ಎತ್ತರ, ತೊಟ್ಟಿಯ ಅಂಚು ಇನ್ನೂ ಎತ್ತರ. ದೊಡ್ಡಮ್ಮ ಕಾಲೆತ್ತಿ ಒಳಗಿಡುವುದು ಕಷ್ಟವಾಗಬಹುದು. ಗಾಲಿಕುರ್ಚಿಯವರಿಗಾಗಿ ಹೊಸ್ತಿಲಿಲ್ಲದ, ಹಿಡಿಕೆಗಳಿರುವ ಯೂನಿವರ್ಸಲ್ ರೂಮ್ ಹಲವು ಹೋಟೆಲುಗಳಲ್ಲಿ ಒಂದಾದರೂ ಇರುತ್ತದೆ. ಇಂದೇ ಕೇಳಿ ನೋಡಿ. ಅದು ಸಿಕ್ಕಿದರೆ ದರ ಸ್ವಲ್ಪ ಹೆಚ್ಚಾದರೂ ಬಿಡಬೇಡಿ. ಶೌಚಕ್ಕೆ ನೀರು ಚಿಮ್ಮುವ ಕಮೋಡ್ ಎಲ್ಲ ಕಡೆ ಇರುವುದರಿಂದ ಆ ಚಿಂತೆ ಬೇಡ.

ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ; ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳನ್ನು ತನ್ನಿ. ಇಂಡಕ್ಷನ್ ಒಲೆ ತರಬೇಡಿ. ಇಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮ ಒಲೆ ಕೆಲಸ ಮಾಡುವುದಿಲ್ಲ, ಕೋಣೆಯಲ್ಲಿ ಅಡುಗೆಗೆ ಅನುಮತಿಯೂ ಇಲ್ಲ. ಊದುಬತ್ತಿ, ಕರ್ಪೂರ ಹಚ್ಚಬಾರದೆಂದು ದೊಡ್ಡಮ್ಮನಿಗೆ ನೀವೇ ಮೊದಲೇ ತಿಳಿಸಿ; ಹೊಗೆಗೆ ಅಲಾರಂ ಕೂಗಿದರೆ ಅವರು ಬಹಳ ನೊಂದುಕೊಳ್ಳುತ್ತಾರೆ. ಬಟ್ಟೆ ಒಗೆಯಲು ನಾಣ್ಯ ಹಾಕುವ ಯಂತ್ರಗಳು ಹೋಟೆಲಿನಲ್ಲೇ ಇರುತ್ತವೆ, ಹೆಚ್ಚು ಬಟ್ಟೆ ಹೊತ್ತು ತರಬೇಕಾಗಿಲ್ಲ.

ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇಳಿಯುವುದು ನರಿತಾದಲ್ಲಿ. ಅಲ್ಲಿಂದ ಕೇಸೇ ಕಂಪನಿಯ ಆಕ್ಸೆಸ್ ಎಕ್ಸ್‌ಪ್ರೆಸ್ ಹತ್ತಿದರೆ, ಅಸಾಕುಸಾ ಮಾರ್ಗಕ್ಕೆ ಮುಂದುವರಿಯುವ ರೈಲು ಸುಮಾರು ಒಂದು ಗಂಟೆಯಲ್ಲಿ ನಿಹೊಂಬಾಶಿ ತಲುಪುತ್ತದೆ; ಅಲ್ಲಿ ತೋಜಾಯ್‌ಗೆ ಬದಲಿಸಿದರೆ ಮುಗಿಯಿತು. ಬೆಳಗ್ಗೆಯೇ ಬಂದರೂ ಕೋಣೆ ಸಿಗುವುದು ಮಧ್ಯಾಹ್ನ ಮೂರು ಅಥವಾ ನಾಲ್ಕರ ನಂತರ. ಸಾಮಾನುಗಳನ್ನು ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಒಪ್ಪಿಸಿ, ಹತ್ತಿರದ ಗ್ಯೋಸೆನ್ ಉದ್ಯಾನಕ್ಕೆ ಹೋಗಿ. ಅಲ್ಲಿ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲದ ಪುಟ್ಟ ಮೃಗಾಲಯವೂ, ದೊಡ್ಡಮ್ಮನಿಗೆ ಕೂರಲು ಕೊಳವಿರುವ ಜಪಾನೀ ತೋಟವೂ ಇವೆ. ಮೃಗಾಲಯಕ್ಕೆ ಸೋಮವಾರ ರಜೆ.

ಚಿಕ್ಕಪ್ಪನ ಮಾತಿನಲ್ಲಿ ಸತ್ಯವಿಲ್ಲ ಎಂದಲ್ಲ. ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಊರ ಕಡೆಗೆ ಹೋಗುವ ತೋಜಾಯ್ ರೈಲುಗಳಿಗೆ ನೀವು ಹತ್ತಲೇಬಾರದು. 2019ರಲ್ಲಿ ಈ ಮಾರ್ಗದ ಕಿಬಾ ಮತ್ತು ಮೊನ್ಜೆನ್ ನಕಾಚೋ ನಡುವೆ ದಟ್ಟಣೆ 199 ಶೇಕಡಾ ಇತ್ತು, ಎಂದರೆ ನಿಗದಿತ ಸಾಮರ್ಥ್ಯದ ಎರಡರಷ್ಟು ಜನ. ಈಗ ಅದು ಕಡಿಮೆಯಾಗಿದ್ದರೂ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವ ಹೊತ್ತು ಅದಲ್ಲ. ಒಂಬತ್ತೂಕಾಲರ ನಂತರ ಹೊರಡಿ. ಮರಳುವಾಗ ರ‍್ಯಾಪಿಡ್ ಎಂದು ಬರೆದ ರೈಲು ತೋಯೋಚೋ ಬಿಟ್ಟರೆ ಉರಾಯಾಸುವಿನಲ್ಲೇ ನಿಲ್ಲುತ್ತದೆ, ನಿಶಿ ಕಸಾಯಿಯಲ್ಲಿ ನಿಲ್ಲುವುದಿಲ್ಲ. ಲೋಕಲ್ ಎಂದಿರುವುದನ್ನೇ ಹತ್ತಿ. ಮಧ್ಯರಾತ್ರಿಯ ಹೊತ್ತಿಗೆ ರೈಲುಗಳು ನಿಂತುಹೋಗುತ್ತವೆ. ಆಮೇಲೆ ಶಿಂಜುಕುವಿನಿಂದ ಟ್ಯಾಕ್ಸಿಯಲ್ಲಿ ಬಂದರೆ, ರಾತ್ರಿಯ 20 ಶೇಕಡಾ ಹೆಚ್ಚುವರಿ ದರವೂ ಸೇರಿ, ಉಳಿಸಿದ್ದರಲ್ಲಿ ಬಹುಪಾಲು ಹೋಗುತ್ತದೆ. ರಾತ್ರಿಯ ಬೀದಿಗಳನ್ನು ನೋಡಲೆಂದೇ ಬರುವ ಯುವಕರಾಗಿದ್ದರೆ ಚಿಕ್ಕಪ್ಪನ ಸಲಹೆಯನ್ನೇ ನಾನೂ ಹೇಳುತ್ತಿದ್ದೆ. ನೀವು ಎಂಟು ಗಂಟೆಗೆ ಊಟಕ್ಕೆ ಕೂರುವವರು.

ಇನ್ನು ಪ್ರಯಾಣದ ಖರ್ಚು. ವಿದೇಶಿ ಪ್ರವಾಸಿಗರಿಗೆ 24, 48 ಮತ್ತು 72 ಗಂಟೆಗಳ ಟೋಕಿಯೋ ಸಬ್‌ವೇ ಟಿಕೆಟ್ ಸಿಗುತ್ತದೆ. ಟೋಕಿಯೋ ಮೆಟ್ರೋ ಮತ್ತು ತೋಯೇ ಸುರಂಗ ರೈಲುಗಳಲ್ಲಿ ಅದು ನಡೆಯುತ್ತದೆ, ಯಾಮಾನೋತೆಯಂಥ ಜೆಆರ್ ಕಂಪನಿಯ ರೈಲುಗಳಲ್ಲಿ ನಡೆಯುವುದಿಲ್ಲ. ತೋಜಾಯ್ ಮೆಟ್ರೋಗೆ ಸೇರಿದ್ದರಿಂದ ಹೋಟೆಲಿನಿಂದ ಹೊರಟ ಕ್ಷಣದಿಂದಲೇ ಟಿಕೆಟ್ ಉಪಯೋಗಕ್ಕೆ ಬರುತ್ತದೆ. ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಪ್ರಾಥಮಿಕ ಶಾಲೆಯ ಮಗುವಿಗೆ ಅರ್ಧ ದರ.

ಹೂವಿನ ಕಾಲದಲ್ಲಿ ದರಗಳು ಏರುತ್ತಲೇ ಹೋಗುತ್ತವೆ, ಅದರಲ್ಲೂ ಶನಿವಾರದ ರಾತ್ರಿ. ಆದ್ದರಿಂದ ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲಿ ಎರಡು ಟ್ವಿನ್ ಕೋಣೆಗಳನ್ನು ಇಂದೇ ಕಾಯ್ದಿರಿಸಿ, ಮುಂಗಡ ಕಟ್ಟಿದರೆ ಮರಳಿ ಬಾರದ ಅಗ್ಗದ ದರಕ್ಕೆ ಹೋಗಬೇಡಿ. ಹೋಟೆಲಿನ ಜಪಾನೀ ವಿಳಾಸವನ್ನು ನನಗೆ ಕಳುಹಿಸಿ. ನಿಲ್ದಾಣದಿಂದ ಐದು ನಿಮಿಷ ಎಂದು ಅವರು ಬರೆದಿರುವುದು ದೊಡ್ಡಮ್ಮನ ನಡಿಗೆಯಲ್ಲಿ ಎಷ್ಟಾಗುತ್ತದೆ, ದಾರಿಯಲ್ಲಿ ಮೆಟ್ಟಿಲುಗಳಿವೆಯೇ ಎಂಬುದನ್ನು ಈ ಭಾನುವಾರ ನಾನೇ ನಡೆದು ನೋಡಿ ತಿಳಿಸುತ್ತೇನೆ.